ಭಾವನವರ ಮೆಟ್ರೋ ಕಾರ್ಡು

ಮೆಟ್ರೋ ಸ್ಟೇಷನ್ನಿನಲ್ಲಿ ನಮ್ಮ ಭಾವನವರನ್ನು ಹಿಡಿದು ಕೂರಿಸಿದ್ದಾರೆ ಎಂದು ಫೋನು ಬಂದಾಗ ನಾನು ಮೆಂತ್ಯದ ಸೊಪ್ಪು ಸೋಸುತ್ತಿದ್ದೆ. ನಿಜ ಹೇಳಲೇ? ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಹಿಡಿಯದೆ ಬಿಟ್ಟಿದ್ದರಲ್ಲ, ಅದೇ ಆಶ್ಚರ್ಯ!

ಭಾವ ಎಂದರೆ ನಮ್ಮ ಯಜಮಾನರ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ಬೊರಿವಲಿಯ ನಮ್ಮ ಮನೆಯಲ್ಲೇ ಇದ್ದಾರೆ. ಹರೆಯದಲ್ಲೇ ಧಾರವಾಡದಿಂದ ಮುಂಬೈಗೆ ಬಂದು, ಇಡೀ ನೌಕರಿಯನ್ನು ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮುಗಿಸಿದವರು. ಲೋಕಲ್ಲಿನಲ್ಲಿ ಒಂದು ಪದ್ಧತಿಯುಂಟು. ನಿಂತವರು ಕೂತವರನ್ನು ‘ಎಲ್ಲಿ ಇಳೀತೀರಿ?’ ಎಂದು ಕೇಳಬೇಕು. ಅವರು ಅಂಧೇರಿ ಎಂದರೆ, ಅಂಧೇರಿಯಿಂದ ಆ ಸೀಟು ನಿಮ್ಮದು. ನೌಕರಿ ಮುಗಿದರೂ ಭಾವನವರ ಈ ಪ್ರಶ್ನೆ ಮುಗಿಯಲಿಲ್ಲ. ಚೆಂಬೂರಿನ ಒಂದು ಮದುವೆಯಲ್ಲಿ, ಪಂಕ್ತಿಯಲ್ಲಿ ಉಣ್ಣುತ್ತಿದ್ದ ಹಿರಿಯರೊಬ್ಬರ ಬೆನ್ನ ಹಿಂದೆ ನಿಂತು, “ಎಲ್ಲಿ ಇಳೀತೀರಿ?” ಎಂದುಬಿಟ್ಟರು. ಆ ಹಿರಿಯರೂ ಮುಂಬೈಯವರೇ. ತಲೆ ಎತ್ತದೆ ಹೇಳಿದರು: “ಮಜ್ಜಿಗಿಗೆ!”

ಅವರ ಇನ್ನೊಂದು ಹುಚ್ಚು ಮುಂದಿನ ಕಾಲದ ರೈಲು. ನನ್ನ ಅಡುಗೆಮನೆಯ ಬಾಗಿಲಲ್ಲಿ ಕೂತು, ನುಗ್ಗೆಕಾಯಿಯನ್ನು ಹಳಿ ಮಾಡಿ, ಬೆಂಡೆಕಾಯಿಯ ಡಬ್ಬಿ ಜೋಡಿಸಿ ಪಾಠ ಹೇಳುತ್ತಿದ್ದರು.

“ಮೆಟ್ರೋದಾಗ ಸೀಟು ಗ್ವಾಡಿಗಿ ಹಚ್ಚ್ಯಾರ, ತಂಗಿ. ಮಂದಿ ಎದುರಾಬದರ ಕುಂಡ್ರಬೇಕು, ಮೊಣಕಾಲಿಗೆ ಮೊಣಕಾಲು ತಾಗಬೇಕು. ಇಲ್ಲಂದ್ರ ಮಾತು ಹೆಂಗ ಸುರು ಆಗ್ತದ?”

“ಭಾವಾ, ಆ ಬೆಂಡಿಕಾಯಿ ಕೊಡ್ರಿ, ಹೆಚ್ಚಬೇಕು.”

“ಅದು ಲೇಡೀಸ್ ಡಬ್ಬಿ, ಮುಟ್ಟಬ್ಯಾಡ!”

ದಿನಾ ಹೀಗಾದರೆ ಅಡುಗೆ ಆಗುವುದು ಯಾವಾಗ? ಮಗಳಿಗೆ ಹೇಳಿ ಒಂದು ಮೆಟ್ರೋ ಕಾರ್ಡು ತರಿಸಿ ನಾನೇ ಅವರ ಕೈಗಿಟ್ಟೆ. “ಹೋಗಿ ಕಣ್ಣಾರೆ ನೋಡಿ ಬರ್ರಿ.” ಅಂದಿನಿಂದ ಊಟವಾದೊಡನೆ ಹೊರಟರೆ ದೀಪ ಹಚ್ಚುವ ಹೊತ್ತಿಗೇ ಬರುವುದು. “ಹೆಂಗಿತ್ರಿ?” ಎಂದರೆ, “ಏಸಿ! ಸ್ವರ್ಗ!” ಎನ್ನುತ್ತಿದ್ದರು. ಅಡುಗೆಮನೆ ನನ್ನದಾಯಿತು, ದೇವರು ದೊಡ್ಡವನು ಎಂದುಕೊಂಡೆ.

ಆದರೆ ನಮ್ಮ ಯಜಮಾನರು ಬೆಳಿಗ್ಗೆ ಹೋದರೆ ಬರುವುದು ರಾತ್ರಿ. ಮಗಳಿಗೆ ಕನ್ನಡ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ, ಅದೂ ಒಂದೇ ಶಬ್ದ. ಮಧ್ಯಾಹ್ನ ದೇವರ ಮನೆಯ ವಿಠ್ಠಲನ ಮುಂದೆ ಕೂತರೆ ಮಾತಾಡುವವಳು ನಾನೊಬ್ಬಳೇ. ಅವನಾದರೂ ಎಷ್ಟೆಂದು ಕೇಳಿಯಾನು?

ಫೋನು ಬಂದೊಡನೆ ಜೋಗೇಶ್ವರಿ ಸ್ಟೇಷನ್ನಿಗೆ ಓಡಿದೆ. ಓಡುವ ಮೆಟ್ಟಿಲಿಗೆ ಸೆರಗು ಸಿಕ್ಕಲಿಲ್ಲ, ಅದೂ ಒಂದು ಪುಣ್ಯ. ಭಾವ ಬೆಂಚಿನ ತುದಿಯಲ್ಲಿ ಕೂತಿದ್ದರು, ಕೈಯಲ್ಲಿ ಯಾರೋ ಕೊಟ್ಟ ನೀರಿನ ಬಾಟಲಿ. ಪಕ್ಕದಲ್ಲಿದ್ದ ಗಾರ್ಡ್ ಹೆಂಗಸು ನಡೆದದ್ದು ಹೇಳಿದಳು. ಸುತ್ತ ಅಷ್ಟೂ ಸೀಟು ಖಾಲಿಯಿರುವಾಗ ಇವರು ಒಬ್ಬ ಕಾಲೇಜು ಹುಡುಗನ ಮುಂದೆ ಹೋಗಿ ನಿಂತು, ಎಲ್ಲಿ ಇಳಿಯುತ್ತೀ ಎಂದು ಮೂರು ಸಲ ಕೇಳಿದರಂತೆ. ಅವನು ಹೆದರಿ ಸಹಾಯದ ಗುಂಡಿ ಒತ್ತಿದನಂತೆ!

“ರೋಜ್ ಯೇತಾತ್, ಕಾಕೂ. ಏಕಟೇಚ್,” ಎಂದಳು ಮರಾಠಿಯಲ್ಲಿ, ಮೆಲ್ಲಗೆ. ದಿನಾ ಬರುತ್ತಾರೆ, ಒಬ್ಬರೇ.

ಅವಳು ಅತ್ತ ಹೋದ ಮೇಲೆ ಕೇಳಿದೆ: “ಖಾಲಿ ಗಾಡ್ಯಾಗ ಯಾಕ ಕೇಳಿದ್ರಿ, ಭಾವಾ?”

“ಸೀಟಿಗಲ್ಲ, ತಂಗಿ. ಸ್ಟೇಷನ್ನಿನ ಹೆಸರಾದ್ರೂ ಹೇಳ್ತಾನಲ್ಲ ಅಂತ.”

“ಅಷ್ಟು ಬ್ಯಾಸರ ಇದ್ರ ಯಾಕ ಬರ್ತಿದ್ರಿ? ಸ್ವರ್ಗ ಅಂತಿದ್ರಿ!”

“ನೀ ಕಾರ್ಡು ಕೊಟ್ಟಿ. ನನ್ನಿಂದ ನಿನಗ ಕಾಟ ಆಗ್ತದಂತ ಗೊತ್ತಾತು. ಸಂಜಿತನ ಎಲ್ಲ್ಯಾರ ಇರಬೇಕಲ್ಲ?”

ದಿನಾ ಬಡಿಸುವ ನನಗೆ ತಿಳಿಯದ್ದು ಆ ಗಾರ್ಡಿಗೆ ತಿಳಿದಿತ್ತು.

“ನಾಳಿಂದ ಬ್ಯಾಡ್ರಿ,” ಎಂದೆ. “ಮಧ್ಯಾಹ್ನ ನನಗೂ ಮಾತಾಡ್ಸೋರು ಯಾರಿಲ್ಲ.”

ಅವರು ಬಾಟಲಿಯ ಮುಚ್ಚಳ ಬಿಗಿ ಮಾಡಿದರು. ಆಮೇಲೆ ಎದ್ದರು.

ಮನೆಗೆ ಬಂದು ಚಹಾ ಮಾಡಿದೆ. ಒಂದು ಗುಟುಕು ಕುಡಿದು, ಈ ಮನೆಗೆ ಬಂದ ಮೇಲೆ ಮೊದಲ ಸಲ ಭಾವ ಹೆಂಡತಿಯ ಮಾತು ತೆಗೆದರು. “ಆಕಿಗೆ ಚಹಾಕ್ಕ ಶುಂಠಿ ಬೇಕಿತ್ತು. ನಾನು ಬ್ಯಾಡ ಅಂತಿದ್ದೆ,” ಎಂದರು. ನಾನು ಕೇಳುತ್ತ ಕೂತೆ. ಅವರು ಬಹಳ ಹೊತ್ತು ಹೇಳಿದರು. ಕತ್ತಲಾಗಿತ್ತು, ದೇವರಿಗೆ ದೀಪ ಹಚ್ಚಿ, ರೊಟ್ಟಿಗೆ ಎಸರಿಟ್ಟೆ.