ನನ್ನ ಹಲ್ಲು ಜುಮ್ಮೆನ್ನುವುದು ನಿಂತ ಬಗೆ

"ಯಾಮ್ನಾಳ ಮನೆಯಲ್ಲಿ ಬೆಕ್ಕು ಕೂಡ ಅವಳನ್ನು ಕೇಳಿಯೇ ಸೀನುತ್ತೆ, ಗಂಡ ಕೇಳಿದ ಮೇಲೂ ಸೀನಲ್ಲ" ಎಂದು ಫೆಸ್ ಪಟ್ಟಣದ ನಮ್ಮ ಓಣಿಯವರು ಆಡಿಕೊಳ್ಳುತ್ತಿದ್ದರು. ಆ ಗಂಡ ನಾನೇ, ಮಿಲೂದ್. (ಬೆಕ್ಕಿನ ವಿಷಯ ಸುಳ್ಳು.)

ಯಾಮ್ನಾಳ ತಂಗಿಯ ಮಗಳ ಮದುವೆ ಹತ್ತಿರ ಬಂದಿತ್ತು.

"ಈ ಸಲ ಫೋಟೋದಲ್ಲಿ ನನ್ನ ಪಕ್ಕ ನಿಲ್ಲಬೇಡ," ಎಂದಳು. "ಹೋದ ಸಲ ನಿನ್ನ ಹಲ್ಲು ನೋಡಿ, ಫೋಟೋನೇ ಹಳೇದಾಗಿ ಹಳದಿಯಾಗಿದೆ ಅಂದ್ಕೊಂಡ್ರು ಜನ."

ನಲವತ್ತು ವರ್ಷ ಅವಳ ಪಕ್ಕದಲ್ಲೇ ನಿಂತವನು! ಆ ಜಾಗ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಸಂತೆಯ ಹಲ್ಲುವೈದ್ಯನಲ್ಲಿಗೆ ಓಡಿದೆ. ಅವನು ಏನನ್ನೋ ಬಳಿದ, ಏನನ್ನೋ ಉಜ್ಜಿದ. ನನ್ನ ದಂತಪಂಕ್ತಿ ಎಷ್ಟು ಬೆಳ್ಳಗಾಯಿತೆಂದರೆ, ಕನ್ನಡಿಯ ಮುಂದೆ ನಿಂತರೆ ಮೊದಲು ಹಲ್ಲು ಬರುತ್ತಿತ್ತು, ಹಿಂದಿನಿಂದ ನಿಧಾನವಾಗಿ ನಾನು.

ಆದರೆ ಜುಮ್ಮೆನ್ನತೊಡಗಿತು. ಚಹಾ ಕುಡಿದರೆ ಜುಮ್, ನೀರು ಕುಡಿದರೆ ಜುಮ್. ಕೊನೆಗೆ ಉಸಿರೆಳೆದರೂ ಜುಮ್. ಯಾಮ್ನಾ ಬೈಯುತ್ತಲೇ ಲವಂಗ ಅರೆದು ಒಸಡಿಗೆ ಮೆತ್ತಿ, ದವಡೆಯಿಂದ ನೆತ್ತಿಗೆ ಬಿಳಿ ಬಟ್ಟೆ ಬಿಗಿದು ಗಂಟು ಹಾಕಿದಳು.

ಪಕ್ಕದ ಮನೆಯ ಹ್ನಿಯಾ ಇಣುಕಿದಳು. "ಅಯ್ಯೋ, ಇದೇನೇ, ಹೆಣಕ್ಕೆ ಕಟ್ಟೋ ಹಾಗೆ ಕಟ್ಟಿದ್ದೀ!"

"ಹೆಣ ಇಷ್ಟು ನರಳುತ್ತೇನಮ್ಮಾ? ಸುಮ್ನಿರು."

ನಾನು ಹಾಗೇ ಮಲಗಿದೆ.

ಕಣ್ಣು ಬಿಟ್ಟಾಗ ಮನೆ ತುಂಬ ಜನ, ಗುಸುಗುಸು. ಮದುವೆಯ ದಿಬ್ಬಣವೇ ಬಂದಿರಬೇಕು ಎಂದುಕೊಂಡೆ. ಇಬ್ಬರು ಗಂಡಸರು ನನಗೆ ಸ್ನಾನ ಮಾಡಿಸತೊಡಗಿದರು. (ಇಂಥ ಉಪಚಾರ ನಾನು ಮದುಮಗನಾದಾಗಲೂ ಆಗಿರಲಿಲ್ಲ.) ತಣ್ಣೀರು ತುಟಿ ದಾಟಿ ಹಲ್ಲಿನ ಮೇಲೆ ಹರಿಯಿತು. ಮೈ ಬಿಗಿಹಿಡಿದು ಕಾದೆ.

ಏನೂ ಆಗಲಿಲ್ಲ!

"ಯಾಮ್ನಾ, ಗುಣವಾಯ್ತು ಕಣೇ! ಲವಂಗ ಕೆಲಸ ಮಾಡಿತು!" ಎಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ನನಗೆ ಹೊಸ ಬಿಳಿ ಬಟ್ಟೆ ಸುತ್ತಿದರು. ಮದುವೆಯ ಉಡುಪಿಗೆ ತೋಳು ಹೊಲಿಸುವುದನ್ನು ಮರೆತಿದ್ದಾರಲ್ಲ ಎಂದು ಗೊಣಗಿದೆ.

ಆಗ ಒಳಕೋಣೆಯಿಂದ ಯಾಮ್ನಾ ಬಂದಳು. ಅಡಿಯಿಂದ ಮುಡಿಯವರೆಗೆ ಬಿಳಿ. ನಮ್ಮಲ್ಲಿ ಹಾಗೆ ಉಡುವವಳು ಗಂಡ ಸತ್ತವಳು ಮಾತ್ರ.

ನನ್ನ ಹೃದಯ ಯಾರ ಅಪ್ಪಣೆಯನ್ನೂ ಕೇಳದೆ ನಿಂತುಬಿಟ್ಟಿತ್ತು. ಅವಳ ಮನೆಯಲ್ಲಿ, ಅವಳನ್ನೂ ಕೇಳದೆ!

ನಾಲ್ವರು ಚಟ್ಟ ಎತ್ತಿದರು. ಬಾಗಿಲು ತೆರೆದೊಡನೆ ಓಣಿಯ ಚಳಿಗಾಳಿ ಒಳನುಗ್ಗಿತು. ಯಾಮ್ನಾ ಹೆಂಗಸರ ಕೈ ಕೊಸರಿಕೊಂಡು ಓಡಿಬಂದಳು.

"ನಿಧಾನ ಕಣ್ರೋ! ಮುಖಕ್ಕೆ ಸರಿಯಾಗಿ ಹೊದಿಸಿ. ಗಾಳಿ ತಾಗಿದರೆ ಅವನಿಗೆ ಹಲ್ಲು ಜುಮ್ಮೆನ್ನುತ್ತೆ."

"ಇಲ್ಲ ಕಣೇ, ಈಗ ಏನೂ ಆಗಲ್ಲ," ಎಂದೆ.

ಅವಳಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವಳಿಗೆ ಕೇಳಿಸಲಿಲ್ಲ. ಹೊದಿಕೆಯನ್ನು ತಾನೇ ನನ್ನ ಮುಖದ ಮೇಲಕ್ಕೆ ಎಳೆದು, ಅಂಚು ಸಿಕ್ಕಿಸಿ, ಹಿಂದೆ ಸರಿದು ನಿಂತಳು. ಅವರು ನನ್ನನ್ನು ಹೊಸಿಲು ದಾಟಿಸಿದರು.