ಹಳದಿ ಉಷ್ಣಮಾಪಕ, ಮುನ್ನೂರು

ಘಾನಾ ದೇಶದ ತಾನೊಕ್ರೊಮ್ ಜಿಲ್ಲೆಯಲ್ಲಿ ಜನವರಿ ಒಂದನೇ ತಾರೀಖಿನಿಂದ ಬಲ್ಬುಗಳು ಬಿಸಿಯಾಗುವುದನ್ನು ನಿಷೇಧಿಸಲಾಯಿತು. ಸುತ್ತೋಲೆಯನ್ನು ಜಿಲ್ಲಾ ಬೆಳಕು ಸುಧಾರಣಾ ಕಛೇರಿಯ ಬಾಗಿಲಿಗೆ ಅಂಟಿಸಲಾಗಿದ್ದು, ಬಲ್ಬುಗಳು ಅದನ್ನು ಓದಿಕೊಂಡು ಅದರಂತೆ ನಡೆದುಕೊಳ್ಳತಕ್ಕದ್ದೆಂದು ನಿರೀಕ್ಷಿಸಲಾಗಿತ್ತು. ಓದದ ಬಲ್ಬುಗಳನ್ನು ಮನೆಮನೆಗೆ ಹೋಗಿ ಬಿಚ್ಚಿ ತರಲು ಒಂಬತ್ತು ಜನರ ತಂಡ, ಎರಡು ಪಿಕಪ್ ಗಾಡಿ, ಒಂದು ಏಣಿ ಮಂಜೂರಾದವು. ಏಣಿ ಒಂದೇ ಆದ್ದರಿಂದ ಗಾಡಿಗಳೆರಡೂ ಒಟ್ಟಿಗೇ ಓಡಾಡಿದವು.

ಕಾರಣವನ್ನೂ ಸುತ್ತೋಲೆಯಲ್ಲೇ ಕೊಟ್ಟಿದ್ದರು. ಹಳೇ ಬುರುಡೆ ಬಲ್ಬು ನೂರು ಪಾಲು ಕರೆಂಟು ತಿಂದರೆ ಐದು ಪಾಲು ಮಾತ್ರ ಬೆಳಕಾಗುತ್ತದೆ, ಮಿಕ್ಕ ತೊಂಬತ್ತೈದು ಪಾಲು ಶಾಖವಾಗಿ ವ್ಯರ್ಥವಾಗುತ್ತದೆ, ಇಂಥ ವ್ಯರ್ಥವನ್ನು ರಾಷ್ಟ್ರ ಸಹಿಸುವುದಿಲ್ಲ. ಆದ್ದರಿಂದ ಪ್ರತಿ ಹಳೇ ಬುರುಡೆಗೆ ಒಂದು ಹೊಸ ಬಿಳಿ ಬಲ್ಬು, ಮುಟ್ಟಿದರೆ ತಣ್ಣಗಿರುವಂಥದ್ದು, ಉಚಿತ. ಮೂರೇ ವಾರದಲ್ಲಿ ಆರು ಸಾವಿರದ ಇನ್ನೂರ ಹದಿನಾಲ್ಕು ಬುರುಡೆಗಳು ಕಛೇರಿಯ ದೊಡ್ಡ ಹಾಲಿನಲ್ಲಿ ಬಂದು ಬಿದ್ದವು. ಅಲ್ಲಿಗೆ ಜಿಲ್ಲೆಯಲ್ಲಿ ಬುರುಡೆ ಬಿಡುವ ಅಧಿಕಾರ ಕಛೇರಿಯೊಂದಕ್ಕೇ ಉಳಿಯಿತು.

ಆ ಆರು ಸಾವಿರದಲ್ಲಿ ನೂರು ವ್ಯಾಟಿನ ನಾಲ್ಕು ಬುರುಡೆ ಕೋಳಿ ಸಾಕುವ ಪೊಮಾಳವು. ಪೊಮಾಳ ಕೋಳಿಮನೆ ಕಛೇರಿಯ ಹಿಂದೆಯೇ, ಹಾಲಿನ ಗೋಡೆಗೆ ಹೊಂದಿಕೊಂಡಿತ್ತು. ಅವಳು ಮಾರುಕಟ್ಟೆಗೆ ಮೆಕ್ಕೆಜೋಳದ ನುಚ್ಚು ತರಲು ಹೋದಾಗ ತಂಡ ಬಂದು ಹೋಗಿತ್ತು. ಬಂದು ನೋಡಿದರೆ ನಾಲ್ಕು ಬಿಳಿ ಬಲ್ಬು, ಬಾಗಿಲಿಗೆ ‘ಅಭಿನಂದನೆಗಳು’ ಎಂಬ ಚೀಟಿ. ಸ್ವಿಚ್ಚು ಹಾಕಿ ಕೆಳಗೆ ಅಂಗೈ ಹಿಡಿದಳು. ಮೀನು ಮುಟ್ಟಿದ ಹಾಗಿತ್ತು.

ಅವತ್ತು ಮಂಗಳವಾರ. ಶುಕ್ರವಾರ ಕುಮಾಸಿಯಿಂದ ಅವಳ ಮುನ್ನೂರು ಮರಿಗಳು ಬರುವುದಿತ್ತು, ಮೊಟ್ಟೆ ಒಡೆದು ಒಂದೇ ದಿನದವು. ಹೊರಗೆ ಹರ್ಮಟಾನ್ ಗಾಳಿ, ಮರುಭೂಮಿಯ ಧೂಳು ಹೊತ್ತು ಬೆಳಗಿನ ಜಾವ ಎಲುಬಿಗೆ ಇಳಿಯುವ ಚಳಿ. ತಾಯಿ ಇಲ್ಲದ ಮರಿಗೆ ಮೊದಲ ವಾರಗಳಲ್ಲಿ ಕಾವು ಬೇಕು. ಅನ್ನ ನೀರು ಆಮೇಲೆ, ಮೊದಲು ಕಾವು. ಹೋದ ವರ್ಷ ಇದ್ದಿಲು ಕುಂಡ ಇಟ್ಟು ನೋಡಿದ್ದಳು. ಮರದ ಪುಡಿಗೆ ಕಿಡಿ ಹಾರಿ ಅರ್ಧ ಮರಿ ಸುಟ್ಟವು, ಮಿಕ್ಕರ್ಧ ಹೊಗೆಗೆ ಸತ್ತವು. ಅದಾದ ಮೇಲೆ ಬಲ್ಬು ತಂದು, ಬೆಳಕು ಬಿದ್ದರೆ ಮರಿಗಳು ಒಂದನ್ನೊಂದು ಕುಕ್ಕುತ್ತವೆಂದು ಒಂದೊಂದಕ್ಕೂ ಹಾಲುಪುಡಿಯ ಖಾಲಿ ಡಬ್ಬಿ ಕವುಚಿದ್ದಳು. ಮಾರ್ಚ್ ಆರರ ಸ್ವಾತಂತ್ರ್ಯ ದಿನದ ಸಂತೆಗೆ ಈ ಕೋಳಿ ಮಾರಿದರೆ ಸರಿ. ಈ ಸಲವೂ ಕೈತಪ್ಪಿದರೆ ಕೋಳಿಮನೆಗೆ ಬೀಗ ಹಾಕಿ ಬಸ್ ನಿಲ್ದಾಣದಲ್ಲಿ ತಂಗಿಯ ಕೆಂಕೆ ಮುದ್ದೆಯ ಗಾಡಿಯ ಪಾತ್ರೆ ತೊಳೆಯಬೇಕು, ತಂಗಿಯ ಬಾಯಿ ಬೇರೆ ಕೇಳಬೇಕು.

ಕಛೇರಿಯ ಗುಮಾಸ್ತ ಜಾಬಾ ಅವಳ ಚರ್ಚಿನಲ್ಲೇ ಹಾಡುವವನು, ಒಳ್ಳೆಯವನು. ಒಳ್ಳೆಯತನದಿಂದ ಯಾರಿಗೂ ಈವರೆಗೆ ಉಪಯೋಗವಾಗದಂತೆ ನೋಡಿಕೊಂಡಿದ್ದ.

“ಜಾಬಾ, ನನ್ನ ಬಲ್ಬು ಕೊಡಪ್ಪ.”

“ಹೊಸದು ಕೊಟ್ಟಿದೀವಲ್ಲ ಆಂಟಿ. ಹದಿನೈದು ವರ್ಷ ಬಾಳಿಕೆ ಬರತ್ತೆ.”

“ಅದರ ಕೆಳಗೆ ನನ್ನ ಮರಿ ಹದಿನೈದು ಗಂಟೆ ಬಾಳಲ್ಲ. ಕಾವೇ ಇಲ್ಲ ಅದಕ್ಕೆ.”

“ಕಾವು ಇರಬಾರದು ಅಂತಲೇ ಅಲ್ವಾ ಅದನ್ನ ಮಾಡಿರೋದು? ಹಳೇದರಲ್ಲಿ ತೊಂಬತ್ತೈದು ಪಾಲು ವ್ಯರ್ಥ.”

“ಆ ವ್ಯರ್ಥಾನೇ ನಂಗೆ ಬೇಕಾಗಿರೋದು,” ಎಂದಳು ಪೊಮಾ. “ತೊಂಬತ್ತೈದು ನಂಗೆ ಕೊಡಿ. ಐದು ನೀವಿಟ್ಕೊಳ್ಳಿ.”

ಜಾಬಾ ಡ್ರಾಯರುಗಳನ್ನೆಲ್ಲ ಎಳೆದು ನೋಡಿದ. ವ್ಯರ್ಥವನ್ನು ತಡೆಯುವ ನಮೂನೆ ಇತ್ತು, ಪಕ್ಕದ ಮನೆಯವರ ವ್ಯರ್ಥದ ಬಗ್ಗೆ ದೂರು ಕೊಡುವ ನಮೂನೆ ಇತ್ತು, ವ್ಯರ್ಥವನ್ನು ಬೇಡುವ ನಮೂನೆ ಸರ್ಕಾರ ಅಚ್ಚು ಹಾಕಿಸಿರಲಿಲ್ಲ. ಕಡೆಗೆ ತಡೆಯುವ ನಮೂನೆಯ ಹಿಂಬದಿಯಲ್ಲಿ ಕೈಬರಹದಲ್ಲಿ ಬರೆಸಿದ: ‘ನಾಲ್ಕು ಬಲ್ಬಿನಷ್ಟು ವ್ಯರ್ಥವನ್ನು ದಯಪಾಲಿಸಬೇಕಾಗಿ ಬೇಡಿಕೊಳ್ಳುತ್ತೇನೆ. ಐದು ಪಾಲು ಕಛೇರಿಗೇ ಇರಲಿ.’ ಪೊಮಾ ಸಹಿ ಹಾಕಿದಳು. ಅರ್ಜಿ ನಿರ್ದೇಶಕರ ಕೋಣೆಗೆ ಹೋಯಿತು, ಹಿಂದೆಯೇ ಅವಳೂ ಹೋದಳು.

ನಿರ್ದೇಶಕ ಡಾಕ್ಟರ್ ಬ್ರೆಂಪೊಂಗ್ ಅವರು ಬೆಳಕಿನ ವಿಷಯದಲ್ಲೇ ಹನ್ನೊಂದು ವರ್ಷ ಓದಿದವರು. ಹೊಸ ಬಲ್ಬಿನ ಬೆಳಕು ಚೆನ್ನಾಗಿ ಕಾಣಲೆಂದು ಹಗಲಿಡೀ ಪರದೆ ಎಳೆದುಕೊಂಡೇ ಕೂರುತ್ತಿದ್ದರು. ಪೊಮಾಳನ್ನು ಗೌರವದಿಂದ ಕೂರಿಸಿ, ಬಲ್ಬಿನೊಳಗಿನ ತಂತಿ ಎರಡೂವರೆ ಸಾವಿರ ಡಿಗ್ರಿ ಕಾಯುತ್ತದೆಂದೂ, ಅಷ್ಟು ಕಾದ ಮೇಲಷ್ಟೇ ಚೂರು ಬೆಳಗುತ್ತದೆಂದೂ, ಬೆಳಕಿಗಿಂತ ಬಿಸಿಯೇ ಹೆಚ್ಚಾದ ವಸ್ತುವಿಗೆ ಬಲ್ಬೆಂಬ ಹೆಸರೇ ಒಪ್ಪುವುದಿಲ್ಲವೆಂದೂ ಮುಕ್ಕಾಲು ಗಂಟೆ ವಿವರಿಸಿದರು. ತನಗೆ ಮೂವತ್ತಮೂರು ಡಿಗ್ರಿ ಸಾಕೆಂದು ಪೊಮಾ ನಡುವೆ ಎರಡು ಸಲ ಹೇಳಿ ನೋಡಿದಳು.

“ಅಲ್ಲಮ್ಮ, ನೀವು ಶಾಖಕ್ಕೆ ಅಂತ ಉರಿಸಿದ್ರೆ ಅದು ಒಲೆ ಆಯ್ತು,” ಎಂದರು ನಿರ್ದೇಶಕರು. “ಒಲೆಯಿಂದ ಬೆಳಕು ಬಂದ್ರೆ ಆ ಬೆಳಕು ವ್ಯರ್ಥ. ಅದನ್ನೂ ನಾವು ಬಿಡೋ ಹಾಗಿಲ್ಲ.”

“ಬೆಳಕು ಬರಲ್ಲ ಸಾರ್. ಹಾಲುಪುಡಿ ಡಬ್ಬಿ ಮುಚ್ಚಿರ್ತೀನಿ.”

ನಿರ್ದೇಶಕರ ಮುಖ ಅರಳಿತು. “ಸರಿ ಹೋಯ್ತು. ಹಾಗಾದ್ರೆ ಅವು ಬಲ್ಬೇ ಅಲ್ಲ.”

ಪೊಮಾಳ ಮುಖವೂ ಅರಳಿತು. ನಿರ್ದೇಶಕರು ಮುಂದುವರಿಸಿದರು. ಬಲ್ಬುಗಳನ್ನು ಮಾತ್ರ ವಶಪಡಿಸಿಕೊಳ್ಳಲು ತಂಡಕ್ಕೆ ಅಧಿಕಾರವಿದೆ. ಇವು ಬಲ್ಬುಗಳಲ್ಲ. ಬಲ್ಬಲ್ಲದ್ದನ್ನು ತಂಡ ತಂದಿರಲು ಸಾಧ್ಯವಿಲ್ಲ. ತಂದಿಲ್ಲದ ವಸ್ತು ಹಾಲಿನಲ್ಲಿ ಇರಲು ಸಾಧ್ಯವಿಲ್ಲ. ಇಲ್ಲದ್ದನ್ನು ಕೊಡುವುದು ಹೇಗೆ? ಅರ್ಜಿಯ ಮೇಲೆ ‘ಅರ್ಜಿದಾರರಿಗೆ ತೃಪ್ತಿಕರವಾಗಿ ತಿಳಿಹೇಳಲಾಗಿದೆ’ ಎಂದು ಷರಾ ಬರೆದು, ಅವಳಿಗೆ ಮಕ್ಕಳೆಷ್ಟೆಂದು ಕೇಳಿ, ಬಾಗಿಲವರೆಗೂ ಬಂದು ಕಳಿಸಿಕೊಟ್ಟರು. ಪೊಮಾಳ ಮೈ ಉರಿದುಹೋಯಿತು. ಆ ಉರಿಯಲ್ಲಿ ನೂರು ಮರಿಗಾದರೂ ಕಾವು ಕೊಡಬಹುದಿತ್ತು, ಆದರೆ ಅದೂ ವ್ಯರ್ಥವಾಯಿತು.

ಇತ್ತ ಹಾಲಿನಲ್ಲಿದ್ದ ಆರು ಸಾವಿರ ಬುರುಡೆಗಳನ್ನು ಏನು ಮಾಡುವುದೆಂಬ ಪ್ರಶ್ನೆ ವಿಲೇವಾರಿ ಸಮಿತಿಯ ಮುಂದಿತ್ತು. ಸಮಿತಿ ನಾಲ್ಕು ಸಲ ಸೇರಿತು, ನಾಲ್ಕು ಸಲ ಜೊಲೊಫ್ ಅನ್ನ ತರಿಸಿತು. ಕೆಟ್ಟ ಬಲ್ಬನ್ನು ಮಾತ್ರ ಬಿಸಾಡಬಹುದು. ಚೆನ್ನಾಗಿರುವುದನ್ನು ಒಡೆದರೆ ಸರ್ಕಾರಿ ಆಸ್ತಿಯ ನಾಶ. ಹಾಗಾಗಿ ಅವು ತಾವಾಗಿ ಸಹಜವಾಗಿ ಸಾಯಬೇಕು, ಸಹಜವಾಗಿ ಸಾಯಬೇಕಾದರೆ ಉರಿಯಬೇಕು. ತಲಾ ಒಂದು ಸಾವಿರ ಗಂಟೆ ಎಂದು ಅಂದಾಜಾಯಿತು. ಗೋಡೆ, ಚಾವಣಿ, ಕಂಬ ಎಲ್ಲಕ್ಕೂ ಹೋಲ್ಡರು ಬಡಿದು, ಬುಧವಾರ ಬೆಳಿಗ್ಗೆ ಪ್ರಾರ್ಥನೆ ಮಾಡಿಸಿ ಆರು ಸಾವಿರವನ್ನೂ ಒಟ್ಟಿಗೇ ಹೊತ್ತಿಸಿದರು.

ಅಷ್ಟಕ್ಕೆ ಕರೆಂಟು ಸಾಲಬೇಕಲ್ಲ. ಊರಿನ ಕರೆಂಟು ತೆಗೆದರು. ಕರೆಂಟು ಹೋಗಿ ಬಂದು ಮಾಡುವ ‘ಡುಮ್ಸೊ’ ಊರಿಗೇನು ಹೊಸದಲ್ಲ, ಈ ಸಲ ಬರುವುದನ್ನು ಮಾತ್ರ ಬಿಟ್ಟಿತು. ಮನೆಮನೆಯ ಬಿಳಿ ಬಲ್ಬುಗಳು ಒಂದು ಚೂರೂ ಕರೆಂಟು ತಿನ್ನದೆ ತೂಗಾಡಿದವು. ಉಳಿತಾಯ ನೂರಕ್ಕೆ ನೂರಾಯಿತೆಂದು ವರದಿ ಹೋಯಿತು, ರಾಜಧಾನಿಯಿಂದ ಫಲಕ ಬಂತು. ಫಲಕವನ್ನು ಹಾಲಿನಲ್ಲಿ ತೂಗುಹಾಕಿದಾಗ ಅದರ ಮೆರುಗೆಣ್ಣೆ ಕರಗಿ ಇಳಿಯಿತು. ಬೆವರು ಸುರಿಸುತ್ತಿದ್ದ ಸಿಬ್ಬಂದಿಗೆ ಬಾಗಿಲ ಕಡೆ ನಾಲ್ಕು ಏಸಿ ಕೂರಿಸಿ, ಅದಕ್ಕೆ ಶಾಖ ನಿವಾರಣಾ ಕ್ರಮ ಎಂದು ಹೆಸರಿಟ್ಟರು.

ಶುಕ್ರವಾರ ಮರಿಗಳು ಬಂದವು, ಐವತ್ತೈವತ್ತರ ಆರು ಪೆಟ್ಟಿಗೆ. ಪೊಮಾ ಹಳೇ ಬಟ್ಟೆ, ಗೋಣಿಚೀಲ, ಬಿಸಿನೀರಿನ ಬಾಟಲಿ ಎಲ್ಲ ಇಟ್ಟು ನೋಡಿದಳು. ಗಂಟೆ ಕಳೆಯುವುದರೊಳಗೆ ಮರಿಗಳು ಒಂದರ ಮೇಲೊಂದು ಗುಡ್ಡೆ ಬಿದ್ದು ಕೂಗತೊಡಗಿದವು, ಅಡಿಯಲ್ಲಿ ಸಿಕ್ಕ ನಾಲ್ಕು ಉಸಿರು ಕಟ್ಟಿ ಸತ್ತೇಹೋದವು. ಅವನ್ನು ಎತ್ತಿಡುವಾಗ ಅವಳ ಬೆನ್ನು ಹಿಂದಿನ ಗೋಡೆಗೆ ತಾಗಿತು. ಬ್ರೆಡ್ಡಿನ ಭಟ್ಟಿಯ ಹಾಗೆ ಬೆಚ್ಚಗಿತ್ತು ಗೋಡೆ. ತೊಂಬತ್ತೈದು ಪಾಲೂ ಆ ಕಡೆ ಧಗಧಗ ಅನ್ನುತ್ತಿದೆ, ಈ ಕಡೆ ತನ್ನ ಮರಿಗಳು ಸೆಟೆಯುತ್ತಿವೆ! ಸತ್ತ ನಾಲ್ಕನ್ನೂ ಬಿಡದೆ ಆರೂ ಪೆಟ್ಟಿಗೆ ತಲೆಯ ಮೇಲೆ ಹೊತ್ತು ಹಾಲಿನ ಬಾಗಿಲಿಗೆ ಬಂದಳು.

ಬಾಗಿಲಲ್ಲಿ ಜಾಬಾ ರಿಜಿಸ್ಟರು ಹಿಡಿದು ಕೂತಿದ್ದ. ಕೋಳಿಮರಿಗೆ ಪ್ರವೇಶವಿಲ್ಲವೆಂದ. ಯಾವುದಕ್ಕಿದೆ ಎಂದು ಕೇಳಿದಳು. ಬಲ್ಬು, ಸಿಬ್ಬಂದಿ, ಅಳತೆಯ ಉಪಕರಣ, ಎಂದು ಓದಿ ಹೇಳಿ ನಿಟ್ಟುಸಿರು ಬಿಟ್ಟ. ಅವನಿಗೂ ಅವನದೇ ಕಷ್ಟವಿತ್ತು. ಹಾಲಿನ ಶಾಖವನ್ನು ದಿನವೂ ಅಳೆದು ಬರೆಯಬೇಕೆಂದು ಆದೇಶ, ಅಳೆಯಲು ಉಷ್ಣಮಾಪಕವಿಲ್ಲ. ಬೇಕೆಂದು ಬರೆದಿದ್ದಕ್ಕೆ, ಅಲ್ಲಿ ಶಾಖ ಎಷ್ಟಿದೆಯೆಂದು ಅಳೆದು ತಿಳಿಸಿದರೆ ತಕ್ಕ ಉಷ್ಣಮಾಪಕ ಕಳಿಸುವುದಾಗಿ ರಾಜಧಾನಿಯಿಂದ ಉತ್ತರ. ಎರಡು ದಿನದಿಂದ ‘ಬಹಳ’ ಎಂದು ಬರೆಯುತ್ತಿದ್ದ.

ಪೊಮಾ ಪೆಟ್ಟಿಗೆಯೊಂದನ್ನು ಇಳಿಸಿ ಮುಚ್ಚಳ ತೆಗೆದಳು.

“ನೋಡು. ಚಳಿ ಆದ್ರೆ ಹಿಂಗೆ ಗುಡ್ಡೆ ಬೀಳ್ತವೆ. ಸೆಕೆ ಆದ್ರೆ ರೆಕ್ಕೆ ಬಿಟ್ಟು ಬಾಯಿ ಕಳೀತವೆ. ಹದವಾಗಿದ್ರೆ ಹರಡ್ಕೊಂಡು ಮೇಯ್ತವೆ. ಇನ್ನೆಂಥ ಥರ್ಮಾಮೀಟರ್ ಬೇಕೋ ನಿಂಗೆ?”

ಜಾಬಾ ಮರಿಗಳನ್ನೇ ನೋಡಿದ. ಬಾಗಿಲ ಸಂದಿಯಿಂದ ಬಂದ ಬಿಸಿಗೆ ಗುಡ್ಡೆ ಆಗಲೇ ಸಡಿಲಾಗುತ್ತಿತ್ತು. ಅವನ ನೌಕರಿಯಲ್ಲಿ ಮೊದಲ ಬಾರಿಗೆ ಪ್ರಶ್ನೆಗೊಂದು ಉತ್ತರ ಸಿಕ್ಕಿತ್ತು. ಪೆನ್ನು ತೆಗೆದು ದಾಸ್ತಾನು ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದ: ‘ಉಷ್ಣಮಾಪಕ, ಸಜೀವ, ಹಳದಿ, ಮುನ್ನೂರು. ಪೈಕಿ ನಾಲ್ಕು ದುರಸ್ತಿಗೆ ಮೀರಿದ್ದು.’ ಪೂರೈಕೆದಾರರ ಸಹಿಯ ಜಾಗ ತೋರಿಸಿದ. ಪೊಮಾಳಿಗೆ ಆ ಹೊತ್ತಿನಲ್ಲಿ ಅಳು ಬರುವಷ್ಟು ಸಂತೋಷ. ಕೆಳಗೆ ಸಣ್ಣಕ್ಷರದಲ್ಲಿದ್ದ ‘ಕಛೇರಿಯ ಸ್ವತ್ತು’ ಎಂಬುದನ್ನು ಅವಳು ಓದಲಿಲ್ಲ.

ಏಸಿಯ ತಂಪೂ ಬುರುಡೆಗಳ ಬಿಸಿಯೂ ಸಂಧಿಸುವ ನಡುಭಾಗದಲ್ಲಿ ಮರಿಗಳು ಹರಡಿಕೊಂಡು ಮೇಯ್ದವು. ಇನ್ನೂರ ತೊಂಬತ್ತಾರರಲ್ಲಿ ಒಂದೂ ಸಾಯಲಿಲ್ಲ. ಉಪಕರಣಗಳು ಮೇವು ತಿನ್ನುವುದಿಲ್ಲವಾದ್ದರಿಂದ ಮೇವಿಗೆ ಮಂಜೂರಾತಿ ಇರಲಿಲ್ಲ. ಪೊಮಾ ದಿನವೂ ಎರಡು ಹೊತ್ತು ತಾನೇ ನುಚ್ಚು ಹೊತ್ತು ತಂದಳು, ನೀರು ತುಂಬಿಸಿದಳು, ಹಿಕ್ಕೆ ಬಳಿದಳು. ‘ಇಂದು ಉಪಕರಣಗಳು ಮಧ್ಯಾಹ್ನ ರೆಕ್ಕೆ ಬಿಟ್ಟವು, ಸಂಜೆ ಮೇಯ್ದವು’ ಎಂದು ಜಾಬಾ ವರದಿ ಬರೆದ. ಆ ವರದಿಗಳ ಆಧಾರದ ಮೇಲೆ ಡಾಕ್ಟರ್ ಬ್ರೆಂಪೊಂಗ್ ಅವರನ್ನು ಅಕ್ರಾ ನಗರಕ್ಕೆ ಕರೆಸಿ ಭಾಷಣ ಮಾಡಿಸಿದರು.

ಐದು ವಾರ ಕಳೆಯುವ ಹೊತ್ತಿಗೆ ಹಾಲಿನಲ್ಲಿ ಬುರುಡೆಗಳು ಪಟಪಟ ಆರತೊಡಗಿದವು. ಮರಿಗಳಿಗೂ ಗರಿ ಬಂದಿತ್ತು, ಇನ್ನು ಕಾವಿನ ಹಂಗಿಲ್ಲ. ಸಂತೆಗೆ ನಾಲ್ಕು ದಿನವಿದೆ, ಕೋಳಿ ಒಯ್ಯುತ್ತೇನೆ ಎಂದು ಪೊಮಾ ಬುಟ್ಟಿಗಳನ್ನು ತಂದಳು. ಜಾಬಾ ಪುಸ್ತಕ ತಿರುವಿ ಆ ಸಣ್ಣಕ್ಷರದ ಮೇಲೆ ಬೆರಳಿಟ್ಟ.

“ನಿಂಗೆ ಗೊತ್ತಿತ್ತೇನೋ ಇದು?”

“ಎಲ್ಲಾ ಪುಟದ ಕೆಳಗೂ ಅದೇ ಅಚ್ಚಾಗಿರತ್ತೆ ಆಂಟಿ. ಯಾರು ಓದ್ತಾರೆ?” ಎಂದ ಜಾಬಾ. ಬೆರಳನ್ನು ಮಾತ್ರ ಅಲ್ಲಿಂದ ತೆಗೆಯಲಿಲ್ಲ.

ಅದೇ ವಾರ ಲೆಕ್ಕಪರಿಶೋಧಕರು ಬಂದರು. ಬಂದಾಗ ನಲವತ್ತು ಗ್ರಾಂ ಇದ್ದ ಉಪಕರಣ ಈಗ ಎರಡು ಕಿಲೋ ಇದೆ, ಹಳದಿಯಿದ್ದದ್ದು ಬಿಳಿಯಾಗಿದೆ, ಬಿಸಿಗೂ ಚಳಿಗೂ ಒಂದೇ ಥರ ಓಡಾಡುತ್ತದೆ, ಕೆಲವು ಕೂಗುತ್ತಿವೆ ಎಂದು ಬರೆದುಕೊಂಡರು. ಉಷ್ಣಮಾಪಕಗಳು ಕೆಟ್ಟಿವೆ ಎಂದು ತೀರ್ಮಾನವಾಯಿತು. ಕೆಟ್ಟ ಉಪಕರಣ ವಿಲೇವಾರಿ ಸಮಿತಿಗೆ ಹೋಗುತ್ತದೆ. ಬುರುಡೆಗಳಿಗೆ ಸಹಜ ಸಾವೇ ಆಗಬೇಕೆಂದು ನಾಲ್ಕು ಸಲ ಸೇರಿದ್ದ ಸಮಿತಿ ಈ ಸಲ ಹತ್ತು ನಿಮಿಷಕ್ಕೇ ಎದ್ದಿತು. ವಿಲೇವಾರಿಯನ್ನು ಎಣ್ಣೆ, ಶುಂಠಿ ಮತ್ತು ಮೆಣಸಿನಕಾಯಿಯ ಮೂಲಕ ಸ್ವಾತಂತ್ರ್ಯ ದಿನದಂದೇ ನೆರವೇರಿಸತಕ್ಕದ್ದು ಎಂದು ಠರಾವಾಯಿತು.

ಪೊಮಾ ನಿರ್ದೇಶಕರ ಕೋಣೆಗೆ ಹೋಗಿ ಕಾಲಿಗೆ ಬೀಳುವುದೊಂದು ಬಾಕಿ. ಅವರು ಹಳೇ ಅರ್ಜಿಯನ್ನು ತರಿಸಿ ಅವಳ ಕೈಬರಹವನ್ನು ಅವಳಿಗೇ ತೋರಿಸಿದರು.

“ನೀವು ಕೇಳಿದ್ದು ವ್ಯರ್ಥ, ಕೋಳಿ ಅಲ್ಲ. ಶಾಖ ಕೇಳಿದ್ರಿ, ಐದು ವಾರ ನಿಮ್ಮ ಉಪಕರಣಕ್ಕೆ ಸಿಕ್ತು. ಕಛೇರಿ ಯಾರಿಗೂ ಅನ್ಯಾಯ ಮಾಡಲ್ಲಮ್ಮ. ಪಾಲು ಅಂತ ನೀವೇ ಬರೆದಿದೀರಿ, ಪಾಲು ಕೊಡೋಣ.”

ಮಾರ್ಚ್ ಆರರಂದು ಹಾಲಿನಲ್ಲಿ ಬಾವುಟ ಕಟ್ಟಿ, ಊಟದ ಮೇಜು ಹಾಕಿದರು. ಊರ ಗಣ್ಯರು, ಸಮಿತಿಯವರು, ಪರಿಶೋಧಕರು, ಅವರ ಮನೆಯವರು, ಎಲ್ಲರೂ ಬಂದರು. ಆರು ವಾರದಿಂದ ಕರೆಂಟಿಲ್ಲದ ಮನೆಗಳವರೂ ಬಂದು, ಉಷ್ಣಮಾಪಕ ಬಹಳ ರುಚಿಯಾಗಿದೆಯೆಂದು ಹೊಗಳಿದರು. ಆ ಹೆಸರು ಅಷ್ಟು ಹೊತ್ತಿಗೆ ಎಲ್ಲರ ಬಾಯಲ್ಲಿ ಸಲೀಸಾಗಿತ್ತು. ಬುರುಡೆಗಳು ಬಹುಪಾಲು ಆರಿದ್ದರೂ ಏಸಿಗಳು ಓಡುತ್ತಲೇ ಇದ್ದವು. ಪೂರೈಕೆದಾರರಿಗೆ ಸಲ್ಲಬೇಕಾದ ಪಾಲೆಂದು ಪೊಮಾಳ ಮುಂದೆ ತಟ್ಟೆಯೊಂದು ಬಂತು. ತಟ್ಟೆಯಲ್ಲಿ ಕೋಳಿಯ ಒಂದು ಕಾಲು.

ತಿನ್ನುವ ಮುಂಚೆ ಸ್ವೀಕೃತಿ ಬರೆಯಬೇಕಿತ್ತು. ಜಾಬಾ ಅವಳ ಮುಖ ನೋಡದೆ ನಮೂನೆ ತುಂಬಿದ. ಹೆಸರು, ಉಪಕರಣ, ಸಂಖ್ಯೆ, ಎಲ್ಲ ಆಗಿ ಕೊನೆಯ ಸಾಲಿಗೆ ಬಂದ: ಹಿಂತಿರುಗಿಸುವಾಗ ಉಪಕರಣದ ಸ್ಥಿತಿ.

“ಏನಂತ ಬರೀಲಿ ಆಂಟಿ?”

“ಬಿಸಿ ಇದೆ ಅಂತ ಬರಿ,” ಎಂದಳು ಪೊಮಾ.

ಬರೆದ. ಸಹಿಗೆಂದು ಬಗ್ಗಿದ ನಿರ್ದೇಶಕರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದುಹಾಕಿದರು. ಜಿಲ್ಲೆಯಲ್ಲಿ ಶಾಖ ನಿಷೇಧವಾಗಿರುವಾಗ ಸರ್ಕಾರಿ ಕಾಗದದ ಮೇಲೆ ಅಂಥ ಮಾತು ಬರಬಾರದೆಂದು ಮೆಲ್ಲಗೆ ತಿಳಿಹೇಳಿ, ‘ತಣ್ಣಗಿದೆ’ ಎಂದು ತಿದ್ದಿದರು. ತಿದ್ದುಪಡಿಗೆ ಮೊಹರು ಬೇಕು. ಮೊಹರು ಬೀರುವಿನಲ್ಲಿತ್ತು, ಬೀರುವಿನ ಬೀಗದ ಕೈ ಪರಿಶೋಧಕರ ಗಾಡಿಯಲ್ಲಿತ್ತು. ಅದು ಬರುವ ತನಕ ಏಸಿಯ ಗಾಳಿಗೆ ತಟ್ಟೆ ಹಾಗೇ ಇತ್ತು.

ಮೊಹರು ಬಿದ್ದ ಮೇಲೆ ಪೊಮಾ ಕಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಕಾಗದದಲ್ಲಿ ಬರೆದದ್ದು ಸರಿಯಾಗಿತ್ತು. ಸಹಿ ಹಾಕಿದಳು.