ಪೀಟರ್ ಕೇಳಿದ ಪ್ರಶ್ನೆ

ಕಗ್ಗದಾಸಪುರದ ಮುರಳಿ ಆ ಮಂಗಳವಾರ ಬೆಳಿಗ್ಗೆ ಕೆಲಸಕ್ಕೆಂದು ಕೆಳಗಿಳಿದು ಬಂದಾಗ ಅವನ ಸ್ಕೂಟರಿನ ಸೀಟು ಅರ್ಧವೇ ಉಳಿದಿತ್ತು. ಇನ್ನರ್ಧವನ್ನು ಮನೆ ಮಾಲೀಕ ರಾಮಾಂಜಿನಪ್ಪನವರ ಹಸು ಗೌರಿ ಕಣ್ಣು ಅರೆಮುಚ್ಚಿ ಮೆಲ್ಲುತ್ತಿತ್ತು.

ರಾಮಾಂಜಿನಪ್ಪ ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿದ್ದವರು. ರಾಗಿ ಹೊಲದಲ್ಲಿ ಬಾಡಿಗೆ ಮನೆಗಳು ಎದ್ದ ಮೇಲೂ ಹಸುವನ್ನು ಬಿಟ್ಟಿರಲಾರದೆ ಪಾರ್ಕಿಂಗಿನಲ್ಲೇ ಗೂಟ ಹೊಡೆದು ಕಟ್ಟಿಕೊಂಡಿದ್ದರು. ಕರಾರು ಪತ್ರದ ಪ್ರಕಾರ ಅದು ಮೊದಲನೇ ಮಹಡಿಯ ಮುರಳಿಯ ಜಾಗ.

"ಹೋಗಿ ಹೇಳ್ರೀ ಅವರಿಗೆ," ಎಂದಳು ಹೆಂಡತಿ ಬೃಂದಾ ಬಾಲ್ಕನಿಯಿಂದ. "ಹಸೂನ ಆ ಕಡೆ ಕಟ್ಟಿ ಅನ್ನೋಕೆ ಎಷ್ಟೊತ್ತು ಬೇಕು?"

"ಮೆಲ್ಲಗೆ ಮಾತಾಡೇ! ಸಗಣಿ ವಾಸನೆ ಅಂತ ಬಾಯಿ ಬಿಟ್ಟ ಎರಡನೇ ಮಹಡಿಯೋರು ಏನಾದ್ರು? ತಿಂಗಳೊಳಗೆ ಮನೆ ಖಾಲಿ! ಶುಕ್ರವಾರ ನಮ್ಮ ಅಗ್ರಿಮೆಂಟ್ ರಿನ್ಯೂ ಆಗ್ಬೇಕು. ನೀನು ಪಾಠ ಮಾಡೋ ಸ್ಕೂಲಿಗೆ ಇಷ್ಟು ಹತ್ತಿರ ಬೇರೆ ಮನೆ ಸಿಗುತ್ತಾ?"

ಮನೆ ಬಿಡಬೇಕಾದೀತೆಂಬ ಭಯ ಅವನಿಗೆ ನಿಜವಾಗಿಯೂ ಇತ್ತು. ಆದರೆ ಮುರಳಿ ಹೋಟೆಲಿನಲ್ಲಿ ಸಾಂಬಾರ್ ಇನ್ನೊಂದು ಸೌಟು ಕೇಳುವುದಕ್ಕೂ ಬೆವರುವ ಆಸಾಮಿ ಎಂಬುದೂ ಅಷ್ಟೇ ನಿಜ. ಉಳಿದ ಅರ್ಧ ಸೀಟಿನ ಮೇಲೆ ಕೂತು, ಗೌರಿಯ ಎಂಜಲನ್ನು ಪ್ಯಾಂಟಿಗೆ ಹತ್ತಿಸಿಕೊಂಡು ಶಿವಾಜಿನಗರಕ್ಕೆ ಹೊರಟ.

ಅಲ್ಲಿ ಪದಕ, ಶೀಲ್ಡು, ಕಪ್ಪುಗಳನ್ನು ಮಾರುವ ಅಂಗಡಿಯಲ್ಲಿ ಅವನ ಕೆಲಸ. ಗೆದ್ದವರ ಹೆಸರು ಕೆತ್ತಿಸುವುದರಲ್ಲೇ ಅವನ ಹದಿನಾಲ್ಕು ವರ್ಷ ಕಳೆದಿತ್ತು. ಜೊತೆಗಿದ್ದ ಮಧುಕರ್ ಮಾತ್ರ ಏನೂ ಗೆಲ್ಲದೆಯೇ ಎಲ್ಲ ಬಲ್ಲವನು.

"ಓನರ್‌ನ ಯಾಕೆ ಕೇಳ್ತೀಯಾ ಗುರು? ಜಗತ್ತನ್ನ ಕೇಳು!" ಎಂದ ಮಧುಕರ್, ಹಸುವಿನ ಕಥೆ ಕೇಳಿ. "ಒಂದು ವೆಬ್‌ಸೈಟ್ ಇದೆ. ನೂರು ದೇಶದೋರು ಪುಕ್ಕಟೆ ಉತ್ತರ ಕೊಡ್ತಾರೆ. ಹೆಸರು ಬೇರೆ ಹಾಕ್ಕೋ."

ಹೀಗೆ ಮುರಳಿ ಪೀಟರ್ ಆದ. ಹನ್ನೆರಡು ಮೆಟ್ಟಿಲ ಕೆಳಗಿದ್ದ ಮನುಷ್ಯನನ್ನು ಅರ್ಧ ನಿಮಿಷದಲ್ಲಿ ಕನ್ನಡದಲ್ಲಿ ಕೇಳಬಹುದಾಗಿದ್ದ ಮಾತನ್ನು ಕೆನಡಾಕ್ಕೂ ಚಿಲಿಗೂ ಇಂಗ್ಲಿಷಿನಲ್ಲಿ ಕೇಳಿದ: ಮನೆ ಮಾಲೀಕರ ಹಸು ನನ್ನ ಪಾರ್ಕಿಂಗಿನಲ್ಲಿದೆ, ಸೀಟು ತಿಂದಿದೆ, ಅವರಿಗೆ ಹೇಳಲು ಭಯ, ಏನು ಮಾಡಲಿ?

ಐದು ನಿಮಿಷದಲ್ಲಿ ಜಗತ್ತು ತಕರಾರು ತೆಗೆಯಿತು. ಯಾವ ದೇಶ ಎಂದು ಒಬ್ಬ ಕೇಳಿದ. ಹಸುವಿಗೆ ಪಾರ್ಕಿಂಗ್ ಪರವಾನಗಿ ಇದೆಯೇ ಎಂದು ಜರ್ಮನಿಯವನೊಬ್ಬ ವಿಚಾರಿಸಿದ. ಪ್ರಶ್ನೆ ಅಂತರರಾಷ್ಟ್ರೀಯ ಓದುಗರಿಗೆ ಅರ್ಥವಾಗುವಂತಿಲ್ಲ, ತಿದ್ದಿ ಬರೆಯಿರಿ ಎಂದು ವೆಬ್‌ಸೈಟಿನವರೂ ಗದರಿದರು.

"ಅವರಿಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಬರೀಬೇಕು," ಎಂದು ಮಧುಕರ್ ಕೀಬೋರ್ಡನ್ನೇ ಎಳೆದುಕೊಂಡ. ನಮ್ಮಲ್ಲಿ ಹಸುವಿಗೆ ಎಂಥ ಸ್ಥಾನವಿದೆ, ಸಂಕ್ರಾಂತಿಗೆ ಕೊಂಬಿಗೆ ಹೇಗೆ ಬಣ್ಣ ಬಳಿಯುತ್ತೇವೆ ಎಂದೆಲ್ಲ ಎರಡು ಪುಟ ಹೊಸೆದ. "ಭಯ ಅನ್ನೋದು ತೆಗೆದುಬಿಡ್ತೀನಿ, ದೇಶದ ಮಾನ ಹೋಗುತ್ತೆ. ಸೀಟು ತಿಂತು ಅಂತಾನೂ ಬೇಡ, ಮೇವು ಹಾಕಲ್ಲ ಅಂದ್ಕೋತಾರೆ."

ಬಿಲ್ ಬರೆಯುತ್ತಿದ್ದ ಬುಷ್ರಾ ಇಣುಕಿದಳು. "ಅರೆ, ಫೋಟೋ ಇಲ್ದೆ ಯಾರು ಓದ್ತಾರೆ ಸಾರ್? ಫೋಟೋ ಹಾಕಿ."

ಬೆಳಿಗ್ಗೆ ತೆಗೆದ ಫೋಟೋ ಒಂದಿತ್ತು. ನಂಬರ್ ಪ್ಲೇಟಿನಿಂದ ಗುಟ್ಟು ರಟ್ಟಾದೀತೆಂದು ಮುರಳಿ ಸ್ಕೂಟರನ್ನು ಪೂರ್ತಿ ಕತ್ತರಿಸಿದ. ಗೋಡೆಯ ಮುಂದೆ ಗೌರಿ ಒಂದೇ ಉಳಿಯಿತು. "ಪಾಪ, ಎಷ್ಟು ಸಪ್ಪಗಿದೆ ಮುಖ," ಎಂದಳು ಬುಷ್ರಾ.

ಪ್ರಶ್ನೆಯಲ್ಲಿ ಈಗ ಪ್ರಶ್ನೆಯೊಂದನ್ನು ಬಿಟ್ಟು ಎಲ್ಲವೂ ಇತ್ತು. ಮಧ್ಯಾಹ್ನದ ಹೊತ್ತಿಗೆ ಸಾವಿರಗಟ್ಟಲೆ ಜನ ಮೆಚ್ಚಿದರು. ತನ್ನ ಹೆಸರನ್ನೂ ಯಾರಾದರೂ ಶೀಲ್ಡಿನ ಮೇಲೆ ಕೆತ್ತಿಸಬಹುದೇನೋ ಎಂದು ಮುರಳಿ ಉಬ್ಬಿದ. ಉತ್ತರಗಳನ್ನು ಓದದೆ ಮೆಚ್ಚುಗೆಗಳನ್ನು ಮಾತ್ರ ಎಣಿಸಿದ.

ನಾಲ್ಕು ಗಂಟೆಗೆ ಯಾರೋ ಹಿಂದಿನ ಗೋಡೆಯ ಮೇಲಿರುವ ಅಕ್ಷರ ಯಾವುದು ಎಂದು ಕೇಳಿದರು. ಇನ್ನಾರೋ ಓದಿಯೂ ಹೇಳಿದರು: 'ಶ್ರೀ ಮುನೇಶ್ವರ ನಿಲಯ, ಕಗ್ಗದಾಸಪುರ'.

ಅದು ಮುರಳಿ ಬಾಡಿಗೆಗಿದ್ದ ಮನೆಯದೇ ಹೆಸರು. ಅಳಿಸಲು ಹೋದರೆ, ಉತ್ತರ ಬಂದಿರುವ ಪ್ರಶ್ನೆಯನ್ನು ತೆಗೆಯಲಾಗದು ಎಂದಿತು ವೆಬ್‌ಸೈಟು. ಹಲಸೂರಿನ ಸಿಗ್ನಲ್ಲಿನಲ್ಲಿ ಮುಕ್ಕಾಲು ಗಂಟೆ ನಿಂತು, ಬೃಂದಾಳಿಗೆ ಯಾವ ಮುಖದಲ್ಲಿ ಹೇಳಲಿ ಎಂದು ಒದ್ದಾಡುತ್ತಾ ಮನೆ ಸೇರಿದ.

ಗೇಟಿನಲ್ಲೇ ರಾಮಾಂಜಿನಪ್ಪ ಕುರ್ಚಿ ಹಾಕಿ ಕೂತಿದ್ದರು. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮೊಮ್ಮಗಳು ತೇಜಶ್ರೀ, ಅವಳ ಕೈಯಲ್ಲಿ ಫೋನು.

"ಬನ್ನಿ ಮುರಳಿಯೋರೆ. ನಿಮ್ಮನ್ನೇ ಕಾಯ್ತಿದ್ದೆ."

"ಸಾರ್, ಕ್ಷಮಿಸ್ಬೇಕು, ನಾನು..."

"ಯಾರೋ ಪೀಟ್ರು ಅಂತೆ," ಎಂದರು ಅವರು, ಕೇಳಿಸಿಕೊಳ್ಳದೆ. "ನಮ್ ಗೌರಿ ಫೋಟೋ ಹಾಕಿ ಲೋಕಕ್ಕೆಲ್ಲ ತೋರ್ಸವ್ನೆ. ಮಧ್ಯಾನ ಫೋನ್ನಾಗೆ ನೋಡುತ್ಲೇ ನಮ್ ತೇಜು ಗುರ್ತು ಹಿಡಿದ್ಲು. ಓದಮ್ಮ ತೇಜು."

"ನಾರ್ವೆಯೋರು ಬರ್ದಿದಾರೆ ಅಂಕಲ್," ಎಂದಳು ತೇಜಶ್ರೀ. "ಹಸು ಒಂಟಿಯಾಗಿರಬಾರದಂತೆ, ಮುಖ ನೋಡಿದ್ರೇ ಕೊರಗು ಕಾಣುತ್ತಂತೆ. ಜೊತೆಗೆ ಇನ್ನೊಂದು ತಂದು ಕಟ್ಟಿ ಅಂತ. ನಲವತ್ತು ಸಾವಿರ ಜನ ಹೌದು ಅಂದಿದಾರೆ."

ಆಗ ಮುರಳಿ ಪಾರ್ಕಿಂಗಿನತ್ತ ನೋಡಿದ. ಗೌರಿಯ ಪಕ್ಕ ಇನ್ನೊಂದು ಹಸು ನಿಂತಿತ್ತು.

"ಕೆ.ಆರ್. ಪುರದ ಬಾಮೈದನ ಹತ್ರದಿಂದ ಆಗ್ಲೇ ಹೊಡ್ಕೊಂಡ್ ಬಂದೆ," ಎಂದರು ರಾಮಾಂಜಿನಪ್ಪ ಹಿಗ್ಗಿ. "ಐವತ್ತು ವರ್ಸ ಹಸ ಸಾಕಿದೀನಿ, ನಂಗೇ ತಿಳೀಲಿಲ್ಲ. ದಿನಾ ನೋಡೋರು ನೀವಾದ್ರೂ ಒಂದ್ ಮಾತು ಹೇಳ್ಬಾರ್ದಾ? ಹಿತ್ಲಾಗೆ ಶೆಡ್ಡು ಖಾಲಿ ಬಿದ್ದೈತೆ, ಒಂದೇ ಇದ್ದಾಗ ಯಾರಾದ್ರೂ ಕೇಳಿದ್ರೆ ಅಲ್ಲೇ ಕಟ್ತಿದ್ದೆ. ಈಗ ಜೋಡಿಗೆ ಅದು ಸಾಲಕಿಲ್ಲ. ಎರಡನೇ ಮಹಡಿಯೋರು ವಾಸ್ನೆ ಅಂದ್ರೆ ತಕ್ಸಣ ತೊಳಸ್ತಿದ್ದೆ. ಪಾಪ, ಮೈಸೂರಿಗೆ ಟ್ರಾನ್ಸ್‌ಫರ್ ಆಗೋಯ್ತು. ಅವ್ರ್ ಹೋದ್ಮೇಲೆ ನಂಗೆ ಹೇಳೋರೇ ಇಲ್ಲ."

ಮುರಳಿಗೆ ಅಳು ಬಂತು. ಬಾಲ್ಕನಿಯಲ್ಲಿ ಬೃಂದಾ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು.

"ಸ್ಕೂಟರ್ ಇನ್ಮೇಲೆ ರಸ್ತೆಗೆ ನಿಲ್ಸಿ, ಶುಕ್ರವಾರ ಅಗ್ರಿಮೆಂಟಿಗೂ ಹಂಗೇ ಬರಸ್ತೀನಿ," ಎಂದರು ರಾಮಾಂಜಿನಪ್ಪ. "ಆ ಪೀಟ್ರಿಗೆ ನನ್ ಹೆಸರ್ನಾಗೆ ಒಂದು ಥ್ಯಾಂಕ್ಸ್ ಬರ್ದಾಕಿ ಇಂಗ್ಲಿಷ್‌ನಾಗೆ. ನಿಮ್ದು ಒಳ್ಳೆ ಇಂಗ್ಲಿಷು."

ಅಷ್ಟರಲ್ಲಿ ಮುರಳಿಯ ಫೋನು ಗುಂಯ್‌ಗುಟ್ಟಿತು. ಪೀಟರ್ ಅವರೇ, ನಿಮ್ಮ ಸಮಸ್ಯೆ ಬಗೆಹರಿಯಿತೇ ಎಂದು ವೆಬ್‌ಸೈಟು ವಿಚಾರಿಸುತ್ತಿತ್ತು. ಹಿಂದೆ, ಗೇಟಿನೊಳಗೆ ನಿಲ್ಲಿಸಿದ್ದ ಸ್ಕೂಟರಿನತ್ತ ಹೊಸ ಹಸು ಕತ್ತು ಚಾಚಿ ಉಳಿದರ್ಧ ಸೀಟಿಗೆ ಬಾಯಿ ಹಾಕಿತು. ಹಸುವನ್ನು ಎಳೆದುಕೊಳ್ಳಿ ಎನ್ನಲು ಮುರಳಿ ಬಾಯಿ ತೆರೆದ, ಮಾಲೀಕರ ಮುಖ ನೋಡಿದ, ಮುಚ್ಚಿದ. ಆಮೇಲೆ ಫೋನಿನಲ್ಲಿ 'ಹೌದು' ಎಂಬುದನ್ನು ಒತ್ತಿದ.